ಬಿದ್ದದ್ದು ಯಾಕೆ ಹೇಳು, ಮತ್ತೆ ನೋಡುವ

ವಾಮದಪದವು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪರಿಚಯದ ಅಕ್ಕ ಒಬ್ಬರು ಕೈಯ ಚೀಲ ಕೆಳಗಿಟ್ಟು, ‘ಅಣ್ಣ, ನೀವು ಪೇಪರಿನಲ್ಲಿ ಬೈಕಿನ ಬಗ್ಗೆ ಬರೆಯುತ್ತೀರಲ್ಲ, ನಮ್ಮವನಿಗೆ ಒಮ್ಮೆ ಬುದ್ಧಿ ಹೇಳಿ ಮಾರಾಯ್ರೆ’ ಎಂದರು. ಮಗ ಡರ್ಟ್ ರೇಸಿಗೆ ಹೋಗಿ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಾನೆ. ಆಪರೇಷನ್ ಮಾಡಿ ಪ್ಲೇಟ್ ಹಾಕಿ ಏಳು ವಾರ. ಈಗ ಕೂತರೆ ನಿಂತರೆ ಬೈಕಿನ ಕೀ ಕೇಳುತ್ತಾನಂತೆ. ಕೀ ಕುಚ್ಚಲಕ್ಕಿ ಡಬ್ಬದ ತಳದಲ್ಲಿ ಉಂಟು ಎಂದು ನನಗೆ ಮಾತ್ರ ಗುಟ್ಟಾಗಿ ಹೇಳಿದರು. ಈ ಬರಹ ಅಚ್ಚಾಗುವಷ್ಟರಲ್ಲಿ ಡಬ್ಬ ಬದಲಾಗಿರುತ್ತದೆ ಎಂಬ ಧೈರ್ಯದಿಂದ ಬರೆದಿದ್ದೇನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ರೇಸಿನ ಬಗ್ಗೆ ಬರೆದಾಗಲೆಲ್ಲ ಓದುಗರು ಇದನ್ನೇ ಕೇಳುತ್ತಾರೆ. ತಾಯಂದಿರದ್ದು ‘ಬಿದ್ದ ಮೇಲೂ ಯಾಕೆ ಹೋಗುವುದು?’ ಹುಡುಗರದ್ದು ‘ಎಷ್ಟು ವಾರಕ್ಕೆ ಹೋಗಬಹುದು?’ ಎರಡು ಕಡೆಯವರೂ ಇದನ್ನು ಧೈರ್ಯದ ಲೆಕ್ಕಕ್ಕೇ ಹಾಕುತ್ತಾರೆ. ಮತ್ತೆ ಹೋದವನು ಗಂಡು, ಬಿಟ್ಟವನು ಪುಕ್ಕಲ. ಈ ಲೆಕ್ಕದಲ್ಲಿ ಹಾಳಾದ ಮೂಳೆಗಳು ಎಷ್ಟೋ. ಕೇಳಬೇಕಾದ ಪ್ರಶ್ನೆ ಬೇರೆಯೇ ಉಂಟು ಎಂದು ನನಗೆ ಕಲಿಸಿದ್ದು ಗ್ಯಾರೇಜಿನ ಒಬ್ಬ ಅಣ್ಣ. ಅದೂ ನಾನು ಬಿದ್ದು ಕೆಟ್ಟ ಮೇಲೆ.

ಹೊರಗಿನ ಓದುಗರಿಗೆ ಹೇಳಬೇಕು: ಪದವು ಎಂದರೆ ಗುಡ್ಡದ ತಲೆಯಲ್ಲಿ ಹರಡಿದ ಮುರಕಲ್ಲಿನ ಬಯಲು. ವಾಮದಪದವು, ಕಕ್ಯಪದವು ಎಂದು ನಮ್ಮ ಊರುಗಳ ಹೆಸರಿನಲ್ಲೇ ಅದು ಕೂತಿದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಬೇಸಗೆಯಲ್ಲಿ ಕೆಂಪು ಹರಳು ಎದ್ದು, ಟಯರಿನ ಕೆಳಗೆ ಕಡಲೆಕಾಳು ಚೆಲ್ಲಿದ ಹಾಗೆ ಉರುಳುತ್ತದೆ. ಅಂಥ ಬಯಲಿನಲ್ಲಿ ಯಮಹಾ ಆರ್‌ಎಕ್ಸ್ 100 ಓಡಿಸಿ ಕಲಿತವರು ನಾವು ಮೂರ್ನಾಲ್ಕು ಜನ. 1994ರ ಬೇಸಗೆಯಲ್ಲಿ ಕೊಯ್ಲಾದ ಗದ್ದೆಯೊಂದರಲ್ಲಿ ರೇಸ್ ಇತ್ತು. ಎರಡನೇ ಸುತ್ತಿನಲ್ಲಿ ಎಡಗಡೆಯ ತಿರುವಿಗೆ ಬಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಜೀಪಿನ ಹಿಂದಿನ ಸೀಟು ಮತ್ತು ಯಾರದೋ ಬೆವರಿನ ವಾಸನೆಯ ಬೈರಾಸು. ನಡುವಿನದ್ದು ಇವತ್ತಿಗೂ ಖಾಲಿ. ಕಾಲರ್ ಬೋನ್ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಅಮ್ಮ ‘ನನ ಬೊಡ್ಚಿ ಮಗಾ’ ಎಂದು ಅತ್ತಳು, ದೈವಕ್ಕೆ ಹರಕೆ ಹೇಳಿದಳು. ಇನ್ನು ಬೇಡ ಮಗಾ ಎಂದು ಅವಳು ಹೇಳಿದ್ದಕ್ಕೆ ಆಯಿತು ಎಂದು ನಾನೂ ತಲೆಯಾಡಿಸಿದೆ. ಐದನೇ ವಾರಕ್ಕೆ ಇನ್ನೊಂದು ಗದ್ದೆಯಲ್ಲಿ ಹಾಜರಿದ್ದೆ.

ಮಂಚದ ಮೇಲೆ ಮಲಗಿದವನ ಮಾತಿಗೆ ಬೆಲೆ ಕೊಡಬಾರದು ಎಂಬುದಕ್ಕೆ ನಾನೇ ಸಾಕ್ಷಿ. ನೋವಿನಲ್ಲಿ ‘ಇನ್ನು ಮುಟ್ಟುವುದಿಲ್ಲ’ ಎನ್ನುತ್ತಾನೆ. ನೋವು ಇಳಿದ ಮೇಲೆ ಸ್ನೇಹಿತರ ಎದುರು ‘ನಾಳೆಯೇ ಬರುತ್ತೇನೆ’ ಎನ್ನುತ್ತಾನೆ. ಎರಡೂ ತೀರ್ಮಾನಗಳಲ್ಲ, ಎರಡೂ ನೋವಿನ ಏರಿಳಿತ.

ಆ ದಿನ ಗದ್ದೆಯ ಬದಿಯಲ್ಲಿ ಗ್ಯಾರೇಜಿನ ಅಣ್ಣ ಚೈನು ಬಿಗಿ ಮಾಡುತ್ತಾ ಕೇಳಿದ್ದು ಒಂದೇ: ‘ಅವತ್ತು ಬಿದ್ದದ್ದು ಯಾಕೆ?’ ನಾನು ಗೊತ್ತಿಲ್ಲ ಎಂದೆ. ‘ಹಾಗಾದರೆ ಇವತ್ತೂ ಅದಕ್ಕೇ ಬೀಳುತ್ತಿ’ ಎಂದು ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿದರು. ಅವರು ಪ್ರಾಯದಲ್ಲಿ ಕೋಣ ಓಡಿಸಿದವರು. ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡುವ ಕೆಸರುಗದ್ದೆಯಲ್ಲಿ, ಸೋತು ಬಂದರೆ, ಬಿದ್ದು ಬಂದರೆ, ಸಮಾಧಾನಕ್ಕೆ ಮೊದಲು ವಿಚಾರಣೆ ನಡೆಯುತ್ತದೆ. ಓಟ ಶುರುವಾಗುವ ಗಂತಿನಲ್ಲೇ ತಪ್ಪಿತಾ, ಎಡದ ಕೋಣ ಎಳೆಯಿತಾ, ಹಗ್ಗ ಕೈ ಬಿಟ್ಟಿತಾ, ಓಟ ಮುಗಿಯುವ ಮಂಜೊಟ್ಟಿ ಹತ್ತುವಾಗ ಕಾಲು ಸಿಕ್ಕಿಬಿತ್ತಾ ಎಂದು ಯಜಮಾನರಿಂದ ಹಿಡಿದು ನೀರು ಹಾಕುವವನವರೆಗೆ ಎಲ್ಲರೂ ಕೇಳುತ್ತಾರೆ. ಕಾರಣ ಸಿಕ್ಕಿದರೆ ಮುಂದಿನ ಓಟ. ನಮ್ಮ ಹೊಕ್ಕಾಡಿಗೋಳಿ ಕಂಬಳದ ಬದಿಯಲ್ಲಿ ರಾತ್ರಿ ನಿಂತು ನೋಡಿ, ಈ ವಿಚಾರಣೆ ಓಟದಷ್ಟೇ ಚಂದ.

ಬೈಕಿನಲ್ಲಿ ಬೀಳುವುದಕ್ಕೂ ಜಾತಿಗಳಿವೆ. ತಿರುವಿನಲ್ಲಿ ಟಯರಿನ ಹಿಡಿತ ತಪ್ಪಿ, ಬೈಕ್ ವಾಲಿದ ಬದಿಗೇ ಮಲಗಿ ಜಾರುವುದು ಒಂದು. ಸವಾರನೂ ಬೈಕಿನ ಹಿಂದೆ ಜಾರುತ್ತಾ ಹೋಗುತ್ತಾನೆ. ಚರ್ಮದ ಸೂಟು ಹರಿಯುತ್ತದೆ, ಎದುರು ಏನೂ ಸಿಗದಿದ್ದರೆ ಎದ್ದು ಬರುತ್ತಾನೆ. ಇದಕ್ಕೆ ಲೋ ಸೈಡ್ ಎನ್ನುತ್ತಾರೆ. ಹೈ ಸೈಡ್ ಹಾಗಲ್ಲ. ಹಿಂದಿನ ಚಕ್ರ ಜಾರಿ, ಜಾರುತ್ತಿರುವಾಗಲೇ ಥಟ್ಟನೆ ಮತ್ತೆ ನೆಲ ಕಚ್ಚುತ್ತದೆ. ಆಗ ಬೈಕ್ ಕೊಸರಿ, ಮೇಲೆ ಕೂತವನನ್ನು ಕವಣೆ ಕಲ್ಲಿನಂತೆ ಎಸೆಯುತ್ತದೆ. ಕಾಲರ್ ಬೋನು, ಭುಜ, ಮಣಿಕಟ್ಟು ಹೋಗುವುದು ಹೆಚ್ಚಾಗಿ ಇದರಲ್ಲಿ. ಆಕ್ಸಿಲೇಟರ್ ಬೇಗ ತಿರುಗಿಸಿದ್ದಾ, ಟಯರ್ ಬಿಸಿಯಾಗಿರಲಿಲ್ಲವಾ, ಮುಂದಿನವನ ಹಿಂದೆಯೇ ಕಣ್ಣಿಟ್ಟು ಅವನ ತಪ್ಪು ಗೆರೆಯಲ್ಲೇ ಹೋದದ್ದಾ? ಇಷ್ಟು ಹೇಳಬಲ್ಲವನಿಗೆ ಮುಂದಿನ ಸಲ ತಿದ್ದಿಕೊಳ್ಳುವುದಕ್ಕೆ ಏನೋ ಒಂದು ಇದೆ. ಕಾರಣ ಗೊತ್ತಿಲ್ಲದವನು ಎಲ್ಲ ತಿರುವಿಗೂ ಹೆದರಬೇಕು. ಹೆದರಿ ತಿರುವಿನ ಮಧ್ಯದಲ್ಲಿ ಆಕ್ಸಿಲೇಟರ್ ಮುಚ್ಚಿದರೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು ಅದೂ ಜಾರಬಹುದು. ಅರ್ಧ ಹೆದರಿಕೆ ಪೂರ್ತಿ ಹುಂಬತನಕ್ಕಿಂತ ಅಪಾಯ ಎನ್ನುವುದು ಇದಕ್ಕೇ.

ಎಲುಬಿನ ಲೆಕ್ಕ ಸುಲಭ. ಪ್ರಾಯದವರ ಕಾಲರ್ ಬೋನ್ ಕೂಡಲು ಸಾಧಾರಣ ಆರರಿಂದ ಹನ್ನೆರಡು ವಾರ. ಪ್ಲೇಟ್ ಹಾಕಿದ ಕೂಡಲೇ ಮೂಳೆ ಗಟ್ಟಿಯಾಯಿತು ಎಂದು ನಮ್ಮ ಹುಡುಗರು ತಿಳಿಯುತ್ತಾರೆ. ಪ್ಲೇಟಿನ ಕೆಲಸ ಮನೆ ಕಟ್ಟುವಾಗ ಸ್ಲ್ಯಾಬಿನ ಕೆಳಗೆ ಕೊಡುವ ಊರುಗೋಲಿನದ್ದು, ಅಷ್ಟೆ. ಕಾಂಕ್ರೀಟ್ ಒಣಗುವ ಮೊದಲೇ ಮೇಲೆ ಕುಣಿದರೆ ಊರುಗೋಲೇ ಮುರಿಯುತ್ತದೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಮೋಟೊಜಿಪಿ ನೋಡುವ ಹುಡುಗರಿಗೆಲ್ಲ ಮಾರ್ಕ್ ಮಾರ್ಕೆಸ್ ಗೊತ್ತು. 2020ರ ಜುಲೈ 19ರಂದು ಸ್ಪೇನಿನ ಹೆರೆಸ್‌ನಲ್ಲಿ ಬಿದ್ದು ಬಲಗೈಯ ತೋಳೆಲುಬು ಮುರಿದುಕೊಂಡ. 21ಕ್ಕೆ ಆಪರೇಷನ್. 25ಕ್ಕೆ ಅದೇ ಟ್ರ್ಯಾಕಿನಲ್ಲಿ ಬೈಕ್ ಹತ್ತಿದ! ಜಗತ್ತು ಚಪ್ಪಾಳೆ ತಟ್ಟಿತು. ಆಗದೆ ಅವನೇ ಇಳಿದ. ಆಗಸ್ಟ್ ಮೊದಲಿಗೆ ಮನೆಯಲ್ಲಿ ಕಿಟಕಿ ಬಾಗಿಲು ತೆಗೆಯುವಾಗ ಒಳಗಿನ ಪ್ಲೇಟೇ ಮುರಿಯಿತು. ಮತ್ತೆ ಆಪರೇಷನ್, ಡಿಸೆಂಬರಿನಲ್ಲಿ ಮೂರನೆಯದು, 2022ರಲ್ಲಿ ನಾಲ್ಕನೆಯದು. 2019ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು ಮತ್ತೊಮ್ಮೆ ಚಾಂಪಿಯನ್ ಆಗಲು 2025 ಬರಬೇಕಾಯಿತು. ಆ ನಾಲ್ಕು ದಿನದ ಅವಸರವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ವಾರ ಎಣಿಸುವ ಹುಡುಗರಿಗೆ ನಾನು ಹೇಳುವುದು ಈ ಕಿಟಕಿಯ ಕಥೆ.

ತಲೆಯ ಲೆಕ್ಕ ಇಷ್ಟು ಸುಲಭವಲ್ಲ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಮಿದುಳಿನ ಅಲುಗಾಟ ಕಾಣುವುದಿಲ್ಲ. ಸ್ಕ್ಯಾನ್ ನಾರ್ಮಲ್ ಬಂದರೂ ಮಿದುಳಿಗೆ ಪೆಟ್ಟಾಗಿರಬಹುದು. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ನಿದ್ದೆಗೆಡುವುದು, ಹೆಸರು ಮರೆಯುವುದು, ಸುಮ್ಮಸುಮ್ಮನೆ ಸಿಟ್ಟು – ಇವೆಲ್ಲ ಅದರ ಗುರುತು. ಮೊದಲ ಪೆಟ್ಟು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ, ಎರಡನೆಯದು ಚಿಕ್ಕದಾದರೂ ಪ್ರಾಣಕ್ಕೆ ಬರಬಹುದು. ಆದ್ದರಿಂದ ತಲೆಗೆ ಪೆಟ್ಟಾದ ಆಟಗಾರನನ್ನು ವೈದ್ಯರು ಹಂತ ಹಂತವಾಗಿ ಬಿಡುತ್ತಾರೆ. ಮೊದಲು ನಡಿಗೆ, ಆಮೇಲೆ ಹಗುರ ವ್ಯಾಯಾಮ, ಆಮೇಲೆ ಅಭ್ಯಾಸ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಒಂದು ಮೆಟ್ಟಿಲು ಕೆಳಗೆ. ನಮ್ಮಲ್ಲಿ ‘ಹುಡುಗ ಮಾತಾಡ್ತಾನೆ, ಊಟ ಮಾಡ್ತಾನೆ, ಏನೂ ಆಗ್ಲಿಲ್ಲ’ ಎಂದು ಮುಗಿಸುತ್ತಾರೆ. ಇನ್ನೊಂದು ತೊಡಕು ನನ್ನ ಅನುಭವದ್ದೇ. ತಲೆಗೆ ಪೆಟ್ಟಾದವನಿಗೆ ಎಷ್ಟೋ ಸಲ ಬಿದ್ದ ಗಳಿಗೆಯ ನೆನಪೇ ಇರುವುದಿಲ್ಲ. ‘ಯಾಕೆ ಬಿದ್ದೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿರುವುದೇ ತಲೆಗೆ ಪೆಟ್ಟಾಗಿದೆ ಎಂಬ ಸೂಚನೆಯೂ ಆಗಿರಬಹುದು. ಅಣ್ಣ ಕೇಳಿದ ಪ್ರಶ್ನೆಯಲ್ಲಿ ಇಷ್ಟು ವೈದ್ಯ ಇದೆ ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ನಮ್ಮ ರಾಜ್ಯದ ಸವಾರರಲ್ಲಿ ಈ ವಿಷಯಕ್ಕೆ ನನಗೆ ಮೊದಲು ನೆನಪಾಗುವವರು ಬೆಂಗಳೂರಿನ ಸಿ.ಎಸ್. ಸಂತೋಷ್. 2013ರಲ್ಲಿ ಅಬುಧಾಬಿಯ ಮರುಭೂಮಿ ರ‍್ಯಾಲಿಯಲ್ಲಿ ಅವರ ಬೈಕಿಗೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟಿತು. ಅಲ್ಲಿಗೆ ಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹೋದರು. 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಅದನ್ನು ಪೂರ್ತಿ ಮಾಡಿದ ಮೊದಲ ಭಾರತೀಯರಾದರು. 2020ರ ಜನವರಿ 12ರಂದು ಅದೇ ಡಕಾರ್‌ನಲ್ಲಿ ಅವರ ಹೀರೋ ತಂಡದ ಜೊತೆಗಾರ, ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ತಂಡ ಇಡೀ ರ‍್ಯಾಲಿಯಿಂದ ಹಿಂದೆ ಸರಿಯಿತು. ಮರುವರ್ಷ ಸಂತೋಷ್ ಮತ್ತೆ ಹೋದರು. 2021ರ ಜನವರಿ 6, ನಾಲ್ಕನೇ ಹಂತ, ಸೌದಿ ಅರೇಬಿಯಾದ ವಾದಿ ಅದ್ದವಾಸಿರ್‌ನಿಂದ ರಿಯಾದ್ ಕಡೆಗೆ. 135ನೇ ಕಿಲೋಮೀಟರಿನ ಹತ್ತಿರ ಬಿದ್ದರು. ತಲೆಗೆ ಪೆಟ್ಟು, ಬಲ ಭುಜ ಕಳಚಿತ್ತು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಒಯ್ದು, ಮಿದುಳಿಗೆ ವಿಶ್ರಾಂತಿ ಸಿಗಲೆಂದು ವೈದ್ಯರೇ ಔಷಧಿ ಕೊಟ್ಟು ಕೋಮಾದಲ್ಲಿ ಇಟ್ಟರು. ಚೇತರಿಸಿಕೊಂಡು ಊರಿಗೆ ಬಂದರು. ಮತ್ತೆ ಡಕಾರ್ ಓಡಿಸಲಿಲ್ಲ.

ಅವರು ಏನು ಯೋಚಿಸಿದರೋ ಅದು ಅವರ ಸ್ವಂತದ್ದು. ಹೊರಗೆ ನಿಂತು ನೋಡುವ ನನಗೆ ಕಾಣುವುದು ಇಷ್ಟು: ಸುಟ್ಟ ಕುತ್ತಿಗೆಯ ನಂತರ ಹೋದ ಮನುಷ್ಯನೇ ಕೋಮಾದ ನಂತರ ನಿಂತರು. 2013ರಲ್ಲಿ ಇದ್ದ ಧೈರ್ಯ 2021ರಲ್ಲಿ ಆವಿಯಾಯಿತು ಎನ್ನುವಷ್ಟು ದಡ್ಡರು ಯಾರೂ ಇರಲಿಕ್ಕಿಲ್ಲ. ಪೆಟ್ಟು ಬೇರೆ, ಉತ್ತರ ಬೇರೆ.

ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆಯವರ ಕಥೆ ಇನ್ನೊಂದು ಕಡೆಗೆ ಹೋಗುತ್ತದೆ. ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿಸಿಕೊಂಡದ್ದು ಸಾಲದೆಂಬಂತೆ, 2018ರಲ್ಲಿ ಸ್ಪೇನಿನ ಬಾಹಾ ಅರಗೋನ್ ರ‍್ಯಾಲಿಯಲ್ಲಿ ಬಿದ್ದು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡರು. ಹೊರಗೆ ಗಾಯವೇ ಕಾಣದ, ಆದರೆ ಎಲುಬು ಮುರಿತಕ್ಕಿಂತ ಎಷ್ಟೋ ಕೆಟ್ಟ ಪೆಟ್ಟು ಇದು. 2019ರಲ್ಲಿ ಮರಳಿದರು. ದುಬೈಯಲ್ಲಿ ಗೆದ್ದರು, ಪೋರ್ಚುಗಲ್‌ನಲ್ಲಿ ಮೂರನೆಯವರಾದರು. ಆಮೇಲೆ ಬಿದ್ದ ಅದೇ ಸ್ಪೇನಿಗೆ ಹೋಗಿ ಐದನೆಯವರಾಗಿ ಮುಗಿಸಿದರು. ಹಂಗೇರಿಯಲ್ಲಿ ನಾಲ್ಕನೆಯವರು. ಒಟ್ಟು 65 ಅಂಕ, ಎರಡನೆಯವರಿಗಿಂತ ನಾಲ್ಕು ಹೆಚ್ಚು, ಮಹಿಳೆಯರ ಬಾಹಾ ವಿಶ್ವಕಪ್. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು. ಎಲ್ಲರೂ ಮಾತಾಡಿದ್ದು ದುಬೈಯ ಗೆಲುವಿನ ಬಗ್ಗೆ. ನನಗೆ ದೊಡ್ಡದಾಗಿ ಕಾಣುವುದು ಸ್ಪೇನಿನ ಆ ಐದನೇ ಸ್ಥಾನ. ಬಿದ್ದ ಜಾಗದಲ್ಲಿ ಗೆಲ್ಲಲು ಹೋಗದೆ ಮುಗಿಸಿ ಬಂದರಲ್ಲ, ಮರಳುವುದು ಎಂದರೆ ಅದು.

ಪಕ್ಕದ ಕೇರಳದ ಶೊರನೂರಿನ ಹರಿತ್ ನೋವಾ ಸಹ ಹಾಗೆಯೇ. 2023ರ ಡಕಾರ್‌ನ ಆರಂಭದಲ್ಲೇ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು, 2024ರಲ್ಲಿ ಬಂದು ರ‍್ಯಾಲಿ 2 ವಿಭಾಗ ಗೆದ್ದರು, 2025ರಲ್ಲಿ ಶುರುವಾಗುವಾಗಲೇ ಮತ್ತೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಗೆದ್ದದ್ದನ್ನು ಮಾತ್ರ ನೆನಪಿಡುವ ಹುಡುಗರು ಈ ಮೂರನೇ ಸಾಲನ್ನೂ ಓದಬೇಕು.

ಇನ್ನು ನನ್ನ ಗದ್ದೆಗೆ ಬರುತ್ತೇನೆ. ಆ ದಿನ ಅಣ್ಣನ ಮಾತು ಕೇಳದೆ ಸ್ಟಾರ್ಟಿಂಗ್ ಗೆರೆಗೆ ಹೋದೆ. ಮೂರನೇ ತಿರುವಿನಲ್ಲಿ ಎಡಗೈ ಹ್ಯಾಂಡಲ್ ಹಿಡಿಯಲೇ ಒಪ್ಪಲಿಲ್ಲ. ನೋವಾ, ಹೆದರಿಕೆಯಾ, ಈಗಲೂ ಹೇಳಲಾರೆ. ಬದಿಗೆ ತೆಗೆದು ಇಂಜಿನ್ ಆಫ್ ಮಾಡಿ ಬೈಕ್ ತಳ್ಳಿಕೊಂಡು ಬಂದೆ. ಏನಾಯಿತು ಎಂದು ಕೇಳಿದವರಿಗೆಲ್ಲ ಕಾರ್ಬ್ಯುರೇಟರಿಗೆ ಕಸ ಬಂತು ಎಂದೆ. ಅಣ್ಣ ಕಾರ್ಬ್ಯುರೇಟರ್ ಬಿಚ್ಚಿ, ಕಸ ಇಲ್ಲದ ಜೆಟ್ಟನ್ನು ಊದಿ, ಮತ್ತೆ ಜೋಡಿಸಿ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಇಪ್ಪತ್ತು ವರ್ಷ ಆ ಸುಳ್ಳು ಹಾಗೆಯೇ ಇತ್ತು.

ಎಷ್ಟೋ ಕಾಲದ ಮೇಲೆ ನಿಕಿ ಲೌಡಾ ಬಗ್ಗೆ ಓದಿದೆ. ಅವನದ್ದು ಕಾರು, ಆದರೆ ಪ್ರಶ್ನೆ ಇದೇ. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಾರಿನ ಬೆಂಕಿಯಲ್ಲಿ ಮುಖ ಸುಟ್ಟು ಸಾಯುವ ಹಾಗಿದ್ದವನು ಆರು ವಾರದಲ್ಲಿ ಇಟಲಿಯ ಮೊಂಜಾದಲ್ಲಿ ರೇಸಿಗೆ ಇಳಿದ. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ವರ್ಷದ ಕೊನೆಯ ರೇಸ್ ಜಪಾನಿನ ಫುಜಿಯಲ್ಲಿ, ಧೋ ಎಂದು ಮಳೆ. ಎರಡೇ ಸುತ್ತು ಓಡಿಸಿ ಲೌಡಾ ಕಾರು ನಿಲ್ಲಿಸಿದ. ವಿಶ್ವ ಪ್ರಶಸ್ತಿ ಒಂದು ಅಂಕದಿಂದ ಜೇಮ್ಸ್ ಹಂಟ್ ಪಾಲಾಯಿತು. ಇಂಜಿನ್ ಕೈಕೊಟ್ಟಿತು ಎಂದು ಪತ್ರಿಕೆಯವರಿಗೆ ಹೇಳೋಣ ಎಂದು ತಂಡದ ಇಂಜಿನಿಯರ್ ಮೌರೊ ಫೋರ್ಗಿಯೇರಿ ಮುಂದೆ ಬಂದಾಗ ಲೌಡಾ ಬೇಡ ಎಂದ. ಓಡಿಸುವುದಿಲ್ಲ ಎಂದದ್ದು ತಾನೇ, ಇಂಜಿನ್ ಅಲ್ಲ. ಅದನ್ನು ಓದಿದ ದಿನ ನನ್ನ ಕಾರ್ಬ್ಯುರೇಟರ್ ನೆನಪಾಗಿ ಕಿವಿ ಬಿಸಿಯಾಯಿತು.

ನಮ್ಮ ಕಡೆಯೂ ಇಂಥ ‘ಬೇಡ’ ಒಂದಿದೆ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೇ ಕುಣಿಯಿತು. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆಯಿತು. ಕಾಲಿಗೆ ನೋವಾಗಿತ್ತು, ಕಂಬಳದ ಋತು ನಡೆಯುತ್ತಿತ್ತು. ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಓಡುವುದೇ ಬೇರೆ ಎಂದು ಗೌಡರು ಹೋಗಲಿಲ್ಲ. ಅವಕಾಶ ಕೈಬಿಟ್ಟ ಎಂದು ಬೈದವರೂ ಇದ್ದರು. ತನ್ನ ಕಾಲು ಯಾವ ನೆಲಕ್ಕೆ ಎಂದು ತಿಳಿದವನನ್ನು ನಾನು ಬೈಯಲಾರೆ.

ಮಕ್ಕಳ ವಿಷಯ ಬಂದರೆ ಮಾತು ಬೇರೆ. 2023ರ ಆಗಸ್ಟ್ 5ರಂದು ಚೆನ್ನೈಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಬೈಕ್ ರೇಸ್ ಚಾಂಪಿಯನ್‌ಶಿಪ್‌ನ ಮೂರನೇ ಸುತ್ತಿನಲ್ಲಿ, ಬೆಂಗಳೂರಿನ ಶ್ರೇಯಸ್ ಹರೀಶ್ ಬಿದ್ದು ತೀರಿಕೊಂಡ. 13 ವರ್ಷ. ಆ ವಾರದ ಉಳಿದ ರೇಸುಗಳನ್ನು ರದ್ದು ಮಾಡಿದರು. ಅವನ ವಿಷಯದಲ್ಲಿ ಮತ್ತೆ ಹೋಗುವ ಪ್ರಶ್ನೆಯೇ ಉಳಿಯಲಿಲ್ಲ. ಹದಿನೆಂಟು ತುಂಬದ ಮಗುವಿಗೆ ಬಿದ್ದ ಮೇಲೆ ‘ನಿನ್ನ ಇಷ್ಟ’ ಎನ್ನುವುದು ಪ್ರೀತಿಯಲ್ಲ, ಜವಾಬ್ದಾರಿಯಿಂದ ಜಾರಿಕೊಳ್ಳುವುದು. ತೀರ್ಮಾನ ಹೆತ್ತವರೇ ಮಾಡಬೇಕು, ವೈದ್ಯರ ಮಾತು ಕೇಳಿಯೇ ಮಾಡಬೇಕು.

ದುಡ್ಡಿನ ಮಾತನ್ನೂ ಸೇರಿಸಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ನಮ್ಮ ಸಾಮಾನ್ಯ ಬೈಕ್ ವಿಮೆ ರೇಸಿಗೆ ಅನ್ವಯಿಸುವುದಿಲ್ಲ, ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಆರೋಗ್ಯ ವಿಮೆಯಲ್ಲೂ ಅಪಾಯದ ಕ್ರೀಡೆಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಮತ್ತೆ ಹೋಗುವ ಮೊದಲು ಆ ಸಣ್ಣ ಅಕ್ಷರ ಓದಿ. ಎರಡನೇ ಪ್ಲೇಟಿನ ಖರ್ಚು ಅಡಿಕೆ ಮಾರಿದ ದುಡ್ಡಿನಿಂದಲೇ ಬರಬೇಕಾಗಬಹುದು.

ಆ ಅಕ್ಕನ ಮಗ ಕಳೆದ ಭಾನುವಾರ ಮನೆಗೆ ಬಂದಿದ್ದ. ಒಳ್ಳೆಯ ಹುಡುಗ, ಇಪ್ಪತ್ತೊಂದು ವರ್ಷ, ಬೈಕಿನ ಬಗ್ಗೆ ನನಗಿಂತ ಹೆಚ್ಚು ಗೊತ್ತು. ಬುದ್ಧಿ ಹೇಳಲಿಲ್ಲ. ಕಾಗದ, ಪೆನ್ನು ಕೊಟ್ಟು ಬಿದ್ದ ತಿರುವನ್ನು ಬರೆಯಲು ಹೇಳಿದೆ. ಟ್ರ್ಯಾಕ್ ಚಂದ ಬರೆದ. ಬ್ರೇಕ್ ಹಿಡಿದ ಜಾಗಕ್ಕೆ ಗುರುತು ಹಾಕಿದ. ಗೇರ್ ಇಳಿಸಿದ ಜಾಗಕ್ಕೂ ಹಾಕಿದ. ತಿರುವಿನ ಹೊಟ್ಟೆಯ ಹತ್ತಿರ ಪೆನ್ನು ನಿಂತಿತು. ‘ಇಲ್ಲಿಂದ ಗೊತ್ತಿಲ್ಲ ಅಂಕಲ್’ ಎಂದ. ತಲೆನೋವು ಉಂಟಾ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ರಾತ್ರಿ ಮೊಬೈಲ್ ನೋಡಿದರೆ ಬರುತ್ತದೆ, ಅಮ್ಮನಿಗೆ ಹೇಳಲಿಲ್ಲ ಎಂದ.

ಈ ಸೀಸನ್ ಬೇಡ ಎಂದಿದ್ದೇನೆ. ಮೊದಲು ಮಂಗಳೂರಿಗೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸು, ಅಲ್ಲಿ ಸರಿ ಎಂದ ಮೇಲೆ ಅವತ್ತಿನ ವಿಡಿಯೋ ಯಾರ ಬಳಿಯಾದರೂ ಇದ್ದರೆ ತಾ, ಇಬ್ಬರೂ ಕೂತು ನೋಡುವ ಎಂದೂ ಹೇಳಿದ್ದೇನೆ. ಹೆಲ್ಮೆಟ್ ತಂದಿದ್ದ, ಹೊರಗೆ ಒಂದು ಗೀರು ಬಿಟ್ಟರೆ ಹೊಸದರ ಹಾಗೆಯೇ ಇತ್ತು. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಒಮ್ಮೆ ನಜ್ಜುಗುಜ್ಜಾದರೆ ಮುಗಿಯಿತು, ಎರಡನೇ ಪೆಟ್ಟು ತಡೆಯುವುದಿಲ್ಲ. ಒಳಗಿನ ಬಟ್ಟೆ ತೆಗೆದು ಬಲಬದಿಯ ತಗ್ಗು ತೋರಿಸಿದೆ. ತಮ್ಮನಿಗೆ ಕೊಡುವ ಅಂತ ಇದ್ದೆ ಎಂದ. ಅಂಗಳಕ್ಕೆ ಒಯ್ದು ಗರಗಸದಿಂದ ಎರಡು ಹೋಳು ಮಾಡಿದೆವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಮೊಳೆಗೆ ನೇತಾಡುತ್ತಿದ್ದರೆ ಇವತ್ತೇ ತೆಗೆದು ಕತ್ತರಿಸಿ.